ಕಡಲ ನಡುಪದರದ ಜಮಾ-ಖರ್ಚು

2024ರ ಸೆಪ್ಟೆಂಬರ್ ಕೊನೆಯ ವಾರ ಪುಣೆಯಲ್ಲಿ ಎರಡು ದೊಡ್ಡ ಮೊತ್ತಗಳು ಒಟ್ಟಿಗೇ ಸುದ್ದಿಯಾದವು. ಒಂದು, ಜಿಲ್ಲಾ ನ್ಯಾಯಾಲಯದಿಂದ ಸ್ವಾರಗೇಟವರೆಗಿನ ಸುರಂಗ ಮೆಟ್ರೊ: ಸುಮಾರು ₹1,810 ಕೋಟಿ. ಇನ್ನೊಂದು, ಹವಾಮಾನ ಲೆಕ್ಕಾಚಾರದ ಹೊಸ ಸೂಪರ್ ಕಂಪ್ಯೂಟರ್‌ಗಳು: ₹850 ಕೋಟಿ. ಎರಡಕ್ಕೂ ಚಾಲನೆ ಕೊಡಲು ಪ್ರಧಾನಿ 26ರಂದು ಪುಣೆಗೆ ಬರಬೇಕಿತ್ತು. 25ರಂದು ಸುರಿದ ಭಾರಿ ಮಳೆಯಿಂದ ಭೇಟಿ ರದ್ದಾಯಿತು. ಕಂಪ್ಯೂಟರ್‌ಗಳು 26ರಂದೇ, ಮೆಟ್ರೊ 29ರಂದು ವಿಡಿಯೊ ಮೂಲಕ ಉದ್ಘಾಟನೆಯಾದವು.

ಬೆಳಗಾವಿ, ಹುಬ್ಬಳ್ಳಿ ಕಡೆಯ ಬಸ್ಸು ಹಿಡಿಯುವ ಕನ್ನಡಿಗರಿಗೆ ಸ್ವಾರಗೇಟ ಚೆನ್ನಾಗಿ ಗೊತ್ತು. ಅದೇ ಊರಿನ ಪಾಷಾಣ ಬಡಾವಣೆಯಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ, ಅಂದರೆ ಐಐಟಿಎಂ, ಅಷ್ಟಾಗಿ ಗೊತ್ತಿಲ್ಲ. 1962ರ ನವೆಂಬರ್ 17ರಂದು ಪುಣೆಯ ‘ರಾಮದುರ್ಗ ಹೌಸ್’ ಎಂಬ ಕಟ್ಟಡದಲ್ಲಿ ಹವಾಮಾನ ಇಲಾಖೆಯ ಒಂದು ಘಟಕವಾಗಿ ಶುರುವಾದ ಸಂಸ್ಥೆ ಇದು, 1971ರಲ್ಲಿ ಸ್ವಾಯತ್ತವಾಯಿತು. ಮೇಲೆ ಹೇಳಿದ ₹850 ಕೋಟಿಯ ಯಂತ್ರಗಳಲ್ಲಿ ದೊಡ್ಡದಾದ ‘ಅರ್ಕ’ ಇರುವುದು ಇಲ್ಲೇ. ಅದರ ಸಾಮರ್ಥ್ಯ 11.77 ಪೆಟಾಫ್ಲಾಪ್. 2018ರಲ್ಲಿ ಇಲ್ಲಿಗೇ ಬಂದಿದ್ದ ‘ಪ್ರತ್ಯೂಷ್’ ಯಂತ್ರದ್ದು 4 ಪೆಟಾಫ್ಲಾಪ್.

ಕಡಲೇ ಇಲ್ಲದ ಊರಿನಲ್ಲಿ ಕೂತು ಈ ಸಂಸ್ಥೆ ಹಿಂದೂ ಮಹಾಸಾಗರದ ಶಾಖದ ಲೆಕ್ಕ ಇಡುತ್ತದೆ. ಆ ಲೆಕ್ಕದಲ್ಲಿ ಬಹಳ ನಿಧಾನವಾಗಿ ಬೆಳೆಯುವ, ಒಮ್ಮೆ ಬೆಳೆದರೆ ಬೇಗ ಕರಗದ ಬಾಬತ್ತು ಒಂದಿದೆ. ಅದು ಕಡಲ ನಡುಪದರದ ನೀರು. ಅದರಲ್ಲಾಗುವ ಬದಲಾವಣೆಯನ್ನು ಡಿಗ್ರಿಯ ನೂರನೇ ಒಂದು ಪಾಲಿನಲ್ಲಿ ಹೇಳಬೇಕಾಗುತ್ತದೆ. ಅದಕ್ಕೇ ಯಾರೂ ಗಮನಿಸುವುದಿಲ್ಲ. ಪ್ರಮಾಣಕ್ಕೆ ಇಳಿಸಿ ನೋಡಿದರೆ ಮಾತ್ರ ಅದರ ಗಾತ್ರ ಗೊತ್ತಾಗುತ್ತದೆ.

ನಡುಪದರ ಎಂದರೆ ಎಷ್ಟು ಆಳ?

ಸಮುದ್ರದ ಮೇಲಿನ ನೂರು-ಇನ್ನೂರು ಮೀಟರ್ ನೀರು ಬಿಸಿಲು, ಗಾಳಿ, ಮಳೆಯ ನೇರ ಹಿಡಿತದಲ್ಲಿರುತ್ತದೆ. ಎರಡು ಸಾವಿರ ಮೀಟರ್‌ಗಿಂತ ಕೆಳಗೆ ಧ್ರುವಗಳ ಕಡೆಯಿಂದ ಮುಳುಗಿ ಬಂದ ತಣ್ಣೀರು ನೂರಾರು ವರ್ಷ ತಂಗಿರುತ್ತದೆ. ಇವೆರಡರ ನಡುವೆ, ಸ್ಥೂಲವಾಗಿ 500ರಿಂದ 1,500 ಮೀಟರ್ ಆಳದಲ್ಲಿ ಇರುವುದು ನಡುಪದರ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಅಷ್ಟನ್ನೇ ಅರಬ್ಬಿ ಸಮುದ್ರದಲ್ಲಿ ಕೆಳಮುಖವಾಗಿ ಅಳೆದರೆ ನಡುಪದರದ ಮೇಲಂಚು ಸಿಗುತ್ತದೆ. ಮೇಲೆ 28 ಡಿಗ್ರಿ ಇರುವ ನೀರು ಸಾವಿರ ಮೀಟರ್ ಆಳದಲ್ಲಿ 9 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ.

ಈ ನೀರು ಇದ್ದಲ್ಲೇ ಹುಟ್ಟಿದ್ದಲ್ಲ. ಎಲ್ಲೋ ಒಂದು ಕಡೆ ಮೇಲ್ಮೈಯಲ್ಲಿದ್ದಾಗ ಅಲ್ಲಿನ ತಾಪವನ್ನೂ ಉಪ್ಪನ್ನೂ ಪಡೆದುಕೊಂಡು, ಭಾರವಾಗಿ ಮುಳುಗಿ, ಸಾವಿರಾರು ಕಿ.ಮೀ. ಹರಿದು ಬಂದದ್ದು. ಹಾಗಾಗಿ ಇಂದು ಇಲ್ಲಿ ಅಳೆದ ತಾಪ ಮತ್ತು ಲವಣಾಂಶ, ದಶಕಗಳ ಹಿಂದೆ ಬೇರೊಂದು ಕಡೆ ಇದ್ದ ಹವೆಯ ದಾಖಲೆ.

ಹಿಂದೂ ಮಹಾಸಾಗರದ ನಡುಪದರಕ್ಕೆ ಎರಡು ದೊಡ್ಡ ಮೂಲಗಳಿವೆ. ದಕ್ಷಿಣದಲ್ಲಿ ಅಂಟಾರ್ಕ್ಟಿಕ ಸುತ್ತಲಿನ ತಣ್ಣಗಿನ, ಕಡಿಮೆ ಉಪ್ಪಿನ ನೀರು; ಅದರ ಲವಣಾಂಶ 34.4ರ ಆಸುಪಾಸು, ಅಂದರೆ ಕೆ.ಜಿ. ನೀರಿಗೆ 34.4 ಗ್ರಾಂ ಉಪ್ಪು. ಉತ್ತರದಲ್ಲಿ ಕೆಂಪು ಸಮುದ್ರದ ಬೆಚ್ಚಗಿನ, ಅತಿ ಉಪ್ಪಿನ ನೀರು. ವರ್ಷಕ್ಕೆ ಸುಮಾರು 2 ಮೀಟರ್ ನೀರು ಆವಿಯಾಗುವ ಆ ಸಮುದ್ರದಲ್ಲಿ ಲವಣಾಂಶ 40ರ ಗಡಿ ಮುಟ್ಟುತ್ತದೆ. ಬಾಬ್-ಎಲ್-ಮಂದೆಬ್ ಜಲಸಂಧಿಯ ಬಳಿ 137 ಮೀಟರ್ ಆಳದ ಹೊಸ್ತಿಲು ದಾಟಿ ಹೊರಬಿದ್ದ ಆ ನೀರು ಏಡನ್ ಕೊಲ್ಲಿಯಲ್ಲಿ ಕಲೆತು, 600ರಿಂದ 900 ಮೀಟರ್ ಆಳಕ್ಕೆ ಇಳಿದು, ಅರಬ್ಬಿ ಸಮುದ್ರದಲ್ಲಿ ಹರಡುತ್ತದೆ.

ಜಲಸಂಧಿಯಿಂದ ಹೊರಬರುವ ಈ ಉಪ್ಪುನೀರಿನ ವಾರ್ಷಿಕ ಸರಾಸರಿ ಸೆಕೆಂಡಿಗೆ ಸುಮಾರು 3.6 ಲಕ್ಷ ಘನ ಮೀಟರ್. ನಮ್ಮ ಅಳತೆಯಲ್ಲಿ 1.27 ಕೋಟಿ ಕ್ಯುಸೆಕ್. 123 ಟಿಎಂಸಿಯ ಆಲಮಟ್ಟಿ ಜಲಾಶಯ ಈ ಹರಿವಿಗೆ ಮೂರು ಗಂಟೆಯೊಳಗೆ ತುಂಬಿಹೋಗುತ್ತದೆ.

ಎಷ್ಟು ಬಿಸಿಯಾಗಿದೆ?

ಅತಿ ಹಳೆಯ ಹೋಲಿಕೆ ಸಿಗುವುದು ಬ್ರಿಟನ್ನಿನ ‘ಚಾಲೆಂಜರ್’ ಹಡಗಿನಿಂದ. 1872ರಿಂದ 1876ರವರೆಗೆ ಅದು ಜಗತ್ತು ಸುತ್ತಿ, ಹಗ್ಗಕ್ಕೆ ಉಷ್ಣಮಾಪಕ ಕಟ್ಟಿ ಆಳಕ್ಕೆ ಇಳಿಸಿತು. ಆ ದಾಖಲೆಗಳನ್ನು ಈಗಿನ ಆರ್ಗೊ ತೇಲುಯಂತ್ರಗಳ ಅಳತೆಯೊಂದಿಗೆ ಡೀನ್ ರೋಮಿಕ್ ಮತ್ತು ಸಂಗಡಿಗರು 2012ರಲ್ಲಿ ಹೋಲಿಸಿದರು. 135 ವರ್ಷಗಳಲ್ಲಿ ಮೇಲ್ಮೈಯಲ್ಲಿ 0.59 ಡಿಗ್ರಿ, 366 ಮೀಟರ್ ಆಳದಲ್ಲಿ 0.39 ಡಿಗ್ರಿ, 914 ಮೀಟರ್ ಆಳದಲ್ಲಿ 0.12 ಡಿಗ್ರಿ ಏರಿಕೆ ಕಂಡಿತು.

ದಕ್ಷಿಣ ಸಾಗರದಲ್ಲಿ ಏರಿಕೆ ಇದಕ್ಕಿಂತ ಚುರುಕು. ಸಾರಾ ಗಿಲ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಲ್ಲಿ 700ರಿಂದ 1,100 ಮೀಟರ್ ಆಳದ ನೀರು 1950ರ ದಶಕದಿಂದ 1980ರ ದಶಕದೊಳಗೆ 0.17 ಡಿಗ್ರಿ ಬಿಸಿಯಾಗಿದೆ.

0.17 ಡಿಗ್ರಿ ಎಂದರೆ ಜ್ವರದ ಉಷ್ಣಮಾಪಕದಲ್ಲೂ ಲೆಕ್ಕಕ್ಕೆ ಬಾರದ ಅಂಕಿ. ಅದನ್ನು ಶಾಖಕ್ಕೆ ಬದಲಾಯಿಸಿ ನೋಡೋಣ. ಒಂದು ಘನ ಮೀಟರ್ ಸಮುದ್ರದ ನೀರಿನ ತೂಕ ಸುಮಾರು 1,025 ಕೆ.ಜಿ. ಅದನ್ನು ಒಂದು ಡಿಗ್ರಿ ಬಿಸಿ ಮಾಡಲು 41 ಲಕ್ಷ ಜೂಲ್ ಬೇಕು. ಮನೆಯ ಮೀಟರಿನ ಭಾಷೆಯಲ್ಲಿ ಇದು 1.14 ಯೂನಿಟ್. 400 ಮೀಟರ್ ದಪ್ಪದ ಪದರ 0.17 ಡಿಗ್ರಿ ಬಿಸಿಯಾಗಲು ಕಡಲಿನ ಪ್ರತಿ ಚದರ ಮೀಟರಿಗೆ 77 ಯೂನಿಟ್ ಶಾಖ ಒಳಸೇರಿರಬೇಕು. ಚದರ ಕಿ.ಮೀ.ಗೆ 7.7 ಕೋಟಿ ಯೂನಿಟ್. ಯೂನಿಟ್‌ಗೆ ₹8 ಎಂದು ಹಿಡಿದರೆ ಒಂದೇ ಚದರ ಕಿ.ಮೀ. ಕಡಲಿನ ಬಿಲ್ ಸುಮಾರು ₹62 ಕೋಟಿ.

ಇಡೀ ಜಗತ್ತಿನ ಲೆಕ್ಕ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ, ಅಂದರೆ ಐಪಿಸಿಸಿಯ ಆರನೇ ವರದಿಯಲ್ಲಿದೆ. 1971ರಿಂದ 2018ರವರೆಗೆ ಭೂಮಿಯಲ್ಲಿ ಹೆಚ್ಚುವರಿಯಾಗಿ ಸೇರಿದ ಶಾಖ ಸುಮಾರು 435 ಜೆಟಾಜೂಲ್. ಒಂದು ಜೆಟಾಜೂಲ್ ಎಂದರೆ 1ರ ಮುಂದೆ 21 ಸೊನ್ನೆಗಳಷ್ಟು ಜೂಲ್. ಆ ಶಾಖ ಹಂಚಿಹೋದ ಬಗೆ ಹೀಗಿದೆ:

- ಕಡಲಿನ ಮೇಲಿನ 700 ಮೀಟರ್: ಸುಮಾರು ಶೇ 56
- 700ರಿಂದ 2,000 ಮೀಟರ್: ಸುಮಾರು ಶೇ 28
- 2,000 ಮೀಟರ್‌ಗಿಂತ ಕೆಳಗೆ: ಸುಮಾರು ಶೇ 7
- ನೆಲ: ಸುಮಾರು ಶೇ 5
- ಮಂಜುಗಡ್ಡೆ ಕರಗಲು: ಶೇ 3ರ ಹತ್ತಿರ
- ವಾತಾವರಣ: ಶೇ 1ಕ್ಕಿಂತ ತುಸು ಹೆಚ್ಚು

ನಾವು ದಿನವೂ ಮಾತಾಡುವ, ಬೆವರುವ, ಸುದ್ದಿಯಲ್ಲಿ ಓದುವ ಗಾಳಿಯ ಬಿಸಿ ಈ ಪಟ್ಟಿಯ ಕೊನೆಯ ಸಾಲು. ಎರಡನೇ ಸಾಲಿನಲ್ಲಿರುವ ಪದರ ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖವನ್ನು ನುಂಗಿದೆ: ಸುಮಾರು 123 ಜೆಟಾಜೂಲ್. ಭಾರತ 2023-24ರಲ್ಲಿ ಉತ್ಪಾದಿಸಿದ ವಿದ್ಯುತ್ ಸುಮಾರು 1.74 ಲಕ್ಷ ಕೋಟಿ ಯೂನಿಟ್. ಆ ದರದಲ್ಲಿ 123 ಜೆಟಾಜೂಲ್ ಉತ್ಪಾದಿಸಲು ನಮಗೆ ಹತ್ತಿರಹತ್ತಿರ 20 ಸಾವಿರ ವರ್ಷ ಬೇಕು. ಇಷ್ಟು ಶಾಖ ಆ ಪದರದಲ್ಲೆಲ್ಲ ಹರಡಿದಾಗ ಅದರ ಸರಾಸರಿ ತಾಪ ಏರುವುದು ಎಷ್ಟು? ಲೆಕ್ಕ ಹಾಕಿದರೆ ಸುಮಾರು 0.07 ಡಿಗ್ರಿ. ಅಂಕಿ ಚಿಕ್ಕದಾಗಿ ಕಾಣುವುದು ನೀರಿನ ರಾಶಿ ಅಷ್ಟು ದೊಡ್ಡದಾಗಿರುವುದರಿಂದ.

ಉಪ್ಪಿನ ಲೆಕ್ಕ

ತಾಪಕ್ಕಿಂತ ಲವಣಾಂಶ ಇನ್ನೂ ಸೂಕ್ಷ್ಮ. ಕಡಲಿನ ಮೇಲೆ ಬಿದ್ದ ಮಳೆಯನ್ನು ಅಳೆಯುವುದು ಬಹಳ ಕಷ್ಟ. ಆದರೆ ಮಳೆ ಹೆಚ್ಚಾದರೆ ನೀರು ಸಪ್ಪೆಯಾಗುತ್ತದೆ, ಆವಿ ಹೆಚ್ಚಾದರೆ ಉಪ್ಪಾಗುತ್ತದೆ. ಆ ನೀರು ಮುಳುಗಿದಾಗ ಗುರುತು ನಡುಪದರಕ್ಕೆ ಬರುತ್ತದೆ. ಅನಿ ವಾಂಗ್, ನೇಥನ್ ಬಿಂಡಾಫ್, ಜಾನ್ ಚರ್ಚ್ 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನೇ ತೋರಿಸಿದರು: ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುಪದರದ ನೀರು ದಶಕಗಳ ಅಂತರದಲ್ಲಿ ಸಪ್ಪೆಯಾಗಿದೆ. ಆ ನೀರು ಮುಳುಗುವ ಶೀತ ವಲಯಗಳಲ್ಲಿ ಸಿಹಿನೀರು ಹೆಚ್ಚಾಗಿದೆ ಎಂಬುದು ಅದರ ಅರ್ಥ.

ಇಲ್ಲಿಯೂ ಅಂಕಿಯನ್ನು ಬಿಡಿಸಿ ನೋಡಬೇಕು. ಲವಣಾಂಶ 34.40ರಿಂದ 34.38ಕ್ಕೆ, ಅಂದರೆ 0.02ರಷ್ಟು ಇಳಿಯಿತು ಎನ್ನೋಣ. ಒಂದು ಘನ ಮೀಟರ್ ನೀರಿನಲ್ಲಿ 35 ಕೆ.ಜಿ. ಉಪ್ಪಿದ್ದರೆ ಅದರಲ್ಲಿ 20 ಗ್ರಾಂ ಕಡಿಮೆಯಾದಂತೆ. ಆದರೆ 500 ಮೀಟರ್ ದಪ್ಪದ ಪದರವನ್ನು ಇಷ್ಟು ತೆಳುವಾಗಿಸಲು ಅದರ ಮೇಲೆ 290 ಮಿ.ಮೀ. ಸಿಹಿನೀರು ಸುರಿದು ಬೆರೆಸಬೇಕು. ಪುಣೆಯ ವರ್ಷದ ಮಳೆ 700 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಅಂದರೆ ಈ ಊರಿನ ವರ್ಷದ ಮಳೆಯ ಐದನೇ ಎರಡು ಪಾಲು.

ಎಲ್ಲೆಡೆ ಸಪ್ಪೆಯಾಗುತ್ತಿಲ್ಲ. ಪಾಲ್ ಡ್ಯುರಾಕ್, ಸೂಸನ್ ವಿಜ್‌ಫೆಲ್ಸ್ ಮತ್ತು ಸಂಗಡಿಗರು ಐವತ್ತು ವರ್ಷಗಳ ಲವಣಾಂಶ ದಾಖಲೆ ನೋಡಿದಾಗ, ಉಪ್ಪು ಹೆಚ್ಚಿದ್ದ ಕಡೆ ಇನ್ನಷ್ಟು ಹೆಚ್ಚಿ, ಕಡಿಮೆ ಇದ್ದ ಕಡೆ ಇನ್ನಷ್ಟು ಇಳಿದಿತ್ತು. ಆವಿಯಾಗುವುದು, ಮಳೆ ಸುರಿಯುವುದು ಎರಡೂ ಜೋರಾಗಿವೆ. 1950ರಿಂದ 2000ದೊಳಗೆ ಈ ಜಲಚಕ್ರ ಶೇ 4ರಷ್ಟು ಬಲಗೊಂಡಿದೆ ಎಂದು 2012ರ ಅವರ ಅಂದಾಜು.

ನಮ್ಮ ಕಡಲು

ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರೊಳಗೆ ಒಂದು ಡಿಗ್ರಿ ಬಿಸಿಯಾಯಿತು. ಅದೇ ಅವಧಿಯ ಜಾಗತಿಕ ಸರಾಸರಿ 0.7 ಡಿಗ್ರಿ. ಇದು ಐಐಟಿಎಂ ನೇತೃತ್ವದಲ್ಲಿ 2020ರಲ್ಲಿ ಬಂದ ಭಾರತದ ಹವಾಮಾನ ಬದಲಾವಣೆ ವರದಿಯ ಅಂಕಿ. ಆಳದ ಲೆಕ್ಕವನ್ನು ಅದೇ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2024ರಲ್ಲಿ ಕೊಟ್ಟರು. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲಿನ 2,000 ಮೀಟರ್ ನೀರು ಈಗ ದಶಕಕ್ಕೆ 4.5 ಜೆಟಾಜೂಲ್ ಶಾಖ ಸೇರಿಸಿಕೊಳ್ಳುತ್ತಿದೆ. ಮುಂದೆ ಇದು ದಶಕಕ್ಕೆ 16ರಿಂದ 22 ಜೆಟಾಜೂಲ್‌ಗೆ ಏರಬಹುದು.

4.5 ಜೆಟಾಜೂಲ್ ಅನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 125 ಲಕ್ಷ ಕೋಟಿ ಯೂನಿಟ್. ದೇಶದ ಎಲ್ಲ ವಿದ್ಯುತ್ ಸ್ಥಾವರಗಳು ಸೇರಿ ಒಂದು ವರ್ಷದಲ್ಲಿ ಮಾಡುವುದರ ಎಪ್ಪತ್ತು ಪಟ್ಟು. ಅದು ಪ್ರತಿ ವರ್ಷ ಸದ್ದಿಲ್ಲದೆ ನಮ್ಮ ಕಡಲಿಗೆ ಜಮಾ ಆಗುತ್ತಿದೆ.

ಈ ಶಾಖದಿಂದ ಏನಾಗುತ್ತದೆ? ಮೊದಲನೆಯದು, ನೀರು ಹಿಗ್ಗುತ್ತದೆ. ದಕ್ಷಿಣ ಸಾಗರದ ಆ 400 ಮೀಟರ್ ಪದರ 0.17 ಡಿಗ್ರಿ ಬಿಸಿಯಾದಾಗ ಅದರಿಂದಷ್ಟೇ ನೀರಿನ ಮಟ್ಟ ಸುಮಾರು 8 ಮಿ.ಮೀ. ಏರುತ್ತದೆ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2017ರವರೆಗೆ ವರ್ಷಕ್ಕೆ 3.3 ಮಿ.ಮೀ.ನಂತೆ ಏರಿದೆ, 1874ರಿಂದ 2004ರವರೆಗಿನ ದೀರ್ಘಾವಧಿ ದರ 1.06ರಿಂದ 1.75 ಮಿ.ಮೀ. ಮಾತ್ರ ಇತ್ತು. ಆಳಕ್ಕೆ ಇಳಿದ ಶಾಖ ದಶಕಗಟ್ಟಲೆ, ಶತಮಾನಗಟ್ಟಲೆ ಅಲ್ಲೇ ಇರುವುದರಿಂದ, ಹೊಗೆ ಇಂದೇ ನಿಂತರೂ ಉಳ್ಳಾಲ, ಮರವಂತೆ, ಕಾರವಾರದ ದಂಡೆಗೆ ಮಟ್ಟದ ಏರಿಕೆ ನಿಲ್ಲುವುದಿಲ್ಲ.

ಎರಡನೆಯದು ಉಸಿರಿನ ಪ್ರಶ್ನೆ. ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1,000 ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆ ಇರುವ ಪದರವಿದೆ. ಜಗತ್ತಿನ ಅತಿ ದಪ್ಪನೆಯ ಅಂಥ ಪದರಗಳಲ್ಲಿ ಇದೂ ಒಂದು. ಮುಳುಗಿ ಬರುವ ನೀರು ಬಿಸಿಯಾದಷ್ಟೂ ಅದು ಹೊತ್ತು ತರುವ ಆಮ್ಲಜನಕ ಕಡಿಮೆ. ಮೇಲ್ಮೈ ಬಿಸಿಯಾಗಿ ಹಗುರಾದಷ್ಟೂ ನೀರು ಮುಳುಗಿ ಕೆಳಗೆ ಗಾಳಿ ಮುಟ್ಟಿಸುವುದೂ ಕಡಿಮೆ. ಮುಂಗಾರಿನಲ್ಲಿ ಈ ಪದರದ ಮೇಲಂಚಿನ ನೀರು ಪಶ್ಚಿಮ ಕರಾವಳಿಯ ಕಡೆಗೆ ಮೇಲೇರಿ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ದಂಡೆಯ ಹತ್ತಿರದ ತಳದ ನೀರು ಉಸಿರುಗಟ್ಟಿರುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲೇ ಇದರ ತೀವ್ರತೆ ಹೆಚ್ಚುತ್ತಿರುವುದನ್ನು ವರದಿ ಮಾಡಿದ್ದರು. ತಳದ ಮೀನು ಹಿಡಿಯುವ ದೋಣಿಗೆ ಇದು ನೇರ ನಷ್ಟದ ಬಾಬತ್ತು.

ಅಳೆಯುವ ಖರ್ಚು

ಇಷ್ಟು ಸೂಕ್ಷ್ಮ ಅಂಕಿಗಳನ್ನು ತರುವುದು ಆರ್ಗೊ ತೇಲುಯಂತ್ರ. ಆಳುದ್ದದ ಲೋಹದ ಕೊಳವೆ, ತಲೆಯ ಮೇಲೆ ಆಂಟೆನಾ ಮತ್ತು ಸಂವೇದಕ, ತೂಕ 20-25 ಕೆ.ಜಿ. ಬುಡದಲ್ಲಿ ಒಂದು ರಬ್ಬರ್ ಚೀಲ. ಒಳಗಿನ ಪಂಪು ಎಣ್ಣೆಯನ್ನು ಆ ಚೀಲಕ್ಕೆ ತಳ್ಳಿದರೆ ಯಂತ್ರದ ಗಾತ್ರ ಕೊಂಚ ಹಿಗ್ಗಿ ಮೇಲೇರುತ್ತದೆ. ಎಣ್ಣೆ ವಾಪಸ್ ಎಳೆದುಕೊಂಡರೆ ಮುಳುಗುತ್ತದೆ. ಸಾವಿರ ಮೀಟರ್ ಆಳದಲ್ಲಿ, ಅಂದರೆ ನಡುಪದರದ ಮಧ್ಯದಲ್ಲೇ, ಒಂಬತ್ತು ದಿನ ಹರಿವಿನೊಡನೆ ಸಾಗುತ್ತದೆ. ಆಮೇಲೆ 2,000 ಮೀಟರ್‌ಗೆ ಇಳಿದು, ಸೆಕೆಂಡಿಗೆ ಸುಮಾರು 10 ಸೆಂ.ಮೀ. ವೇಗದಲ್ಲಿ ಮೇಲೇರುತ್ತ ತಾಪ, ಲವಣಾಂಶ, ಒತ್ತಡ ಅಳೆಯುತ್ತದೆ. ಮೇಲೆ ಬಂದು ಉಪಗ್ರಹಕ್ಕೆ ಅಂಕಿ ಕಳಿಸಿ ಮತ್ತೆ ಮುಳುಗುತ್ತದೆ. ಒಂದು ಸುತ್ತಿಗೆ ಹತ್ತು ದಿನ. ಬ್ಯಾಟರಿ ನಾಲ್ಕೈದು ವರ್ಷ. ಭಾರತದ ಪಾಲಿನ ಯಂತ್ರಗಳನ್ನು ನೋಡಿಕೊಳ್ಳುವುದು ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ.

ಸಾಮಾನ್ಯ ಆರ್ಗೊ ಯಂತ್ರದ ಬೆಲೆ ಸುಮಾರು 20 ಸಾವಿರ ಡಾಲರ್. ಹೆಚ್ಚಿನ ಸಂವೇದಕಗಳಿದ್ದರೆ ಒಂದೂವರೆ ಲಕ್ಷ ಡಾಲರ್‌ವರೆಗೂ ಹೋಗುತ್ತದೆ. ಹಡಗು, ಉಪಗ್ರಹ, ಅಂಕಿ ಪರಿಶೀಲನೆ ಸೇರಿಸಿದರೆ ಖರ್ಚು ಹೆಚ್ಚುಕಡಿಮೆ ಎರಡು ಪಟ್ಟು. ಡಾಲರ್‌ಗೆ ₹85ರಂತೆ ಸಾಮಾನ್ಯ ಯಂತ್ರಕ್ಕೆ ₹17 ಲಕ್ಷ, ಎಲ್ಲ ಸೇರಿ ₹34 ಲಕ್ಷ. ಐದು ವರ್ಷದಲ್ಲಿ ಅದು 180 ಸುತ್ತು ಹಾಕಿದರೆ, ಎರಡು ಕಿ.ಮೀ. ಆಳದ ಒಂದು ಪೂರ್ಣ ಅಳತೆಗೆ ಬೀಳುವ ವೆಚ್ಚ ₹19 ಸಾವಿರ. ಇದೇ ಅಳತೆಗೆ ಸಂಶೋಧನಾ ಹಡಗನ್ನೇ ಕಳಿಸಿದರೆ ಒಂದು ದಿನದ ಇಂಧನಕ್ಕೂ ಈ ಹಣ ಸಾಲದು.

ಆರ್ಗೊ ಯೋಜನೆಯ ಮೂಲ ನಿಯಮ: ಅಕ್ಷಾಂಶ-ರೇಖಾಂಶದ ಮೂರು ಡಿಗ್ರಿ ಚೌಕಕ್ಕೆ ಒಂದು ಯಂತ್ರ. ಹಿಂದೂ ಮಹಾಸಾಗರದ ವಿಸ್ತೀರ್ಣ ಸುಮಾರು 7 ಕೋಟಿ ಚದರ ಕಿ.ಮೀ. ಸಮಭಾಜಕದ ಬಳಿ ಒಂದು ಚೌಕ 1.1 ಲಕ್ಷ ಚದರ ಕಿ.ಮೀ.; ದಕ್ಷಿಣಕ್ಕೆ ಹೋದಂತೆ ಚೌಕ ಕಿರಿದಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡು 700 ಯಂತ್ರ ಬೇಕು ಎನ್ನೋಣ. ಐದು ವರ್ಷಕ್ಕೊಮ್ಮೆ ಬದಲಿಸುವುದಾದರೆ ವರ್ಷಕ್ಕೆ 140. ಎಲ್ಲ ಖರ್ಚೂ ಸೇರಿ ವರ್ಷಕ್ಕೆ ₹48 ಕೋಟಿಯೊಳಗೆ. ಸ್ವಾರಗೇಟ ಮೆಟ್ರೊದ 3.62 ಕಿ.ಮೀ. ಸುರಂಗ ಮಾರ್ಗಕ್ಕೆ ಕಿ.ಮೀ.ಗೆ ಬಿದ್ದದ್ದು ₹500 ಕೋಟಿ. ಇಡೀ ಹಿಂದೂ ಮಹಾಸಾಗರವನ್ನು ಒಂದು ವರ್ಷ ಅಳೆಯುವ ಹಣದಲ್ಲಿ ಆ ಮಾರ್ಗದ ನೂರು ಮೀಟರ್ ಕೂಡ ಆಗುವುದಿಲ್ಲ. ಮೆಟ್ರೊ ಊರಿಗೆ ಬೇಕೇ ಬೇಕು. ಅದರ ಪಕ್ಕದಲ್ಲಿಟ್ಟು ನೋಡಿದಾಗ ಕಡಲಿನ ಅಳತೆ ಎಷ್ಟು ಅಗ್ಗ ಎಂಬುದು ತಿಳಿಯಲಿ ಎಂದಷ್ಟೇ ಈ ಹೋಲಿಕೆ.

ಬಿಟ್ಟುಹೋದ ವರ್ಷಕ್ಕೆ ಬೆಲೆಯಿಲ್ಲ

700ರಿಂದ 2,000 ಮೀಟರ್ ಪದರ 47 ವರ್ಷದಲ್ಲಿ 0.07 ಡಿಗ್ರಿ ಬಿಸಿಯಾಯಿತು ಎಂದರೆ ವರ್ಷಕ್ಕೆ 0.0015 ಡಿಗ್ರಿ. ಆರ್ಗೊ ಸಂವೇದಕದ ನಿಖರತೆ 0.002 ಡಿಗ್ರಿ. ಅಂದರೆ ಒಂದು ವರ್ಷದ ಬದಲಾವಣೆ ಒಂದು ಯಂತ್ರದ ಕಣ್ಣಿಗೆ ಕಾಣುವುದೇ ಇಲ್ಲ. ಸಾವಿರಾರು ಯಂತ್ರಗಳು, ಹತ್ತಾರು ವರ್ಷ, ಒಂದೇ ರೀತಿಯಲ್ಲಿ ಅಳೆದಾಗ ಮಾತ್ರ ಕಾಣುತ್ತದೆ. ಯಂತ್ರದ ಸಂಖ್ಯೆ ಎಷ್ಟು ಮುಖ್ಯವೋ ಸರಣಿ ಮುರಿಯದಿರುವುದು ಅಷ್ಟೇ ಮುಖ್ಯ.

ಸರಣಿ ಹಾಳಾದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. ಆರ್ಗೊ ಬರುವ ಮೊದಲು ಹಡಗಿನಿಂದ ತೆಳು ತಂತಿಗೆ ಕಟ್ಟಿ ಬೀಳಿಸುವ ಉಷ್ಣಶೋಧಕಗಳನ್ನು ಬಳಸುತ್ತಿದ್ದರು. ಅವು ಆಳವನ್ನು ಅಳೆಯುತ್ತಿರಲಿಲ್ಲ. ಬಿದ್ದ ಸಮಯದಿಂದ ಆಳವನ್ನು ಅಂದಾಜಿಸುತ್ತಿದ್ದರು. ಆ ಅಂದಾಜು ತಪ್ಪಿದ್ದು, ದಶಕಗಳ ದಾಖಲೆಯಲ್ಲಿ ಇಲ್ಲದ ಬಿಸಿ ಸೇರಿಕೊಂಡಿದೆ ಎಂದು ವಿಕ್ಟರ್ ಗುರೆಟ್ಸ್ಕಿ ಮತ್ತು ಕ್ಲಾಸ್ ಪೀಟರ್ ಕೋಲ್ಟರ್‌ಮನ್ 2007ರಲ್ಲಿ ತೋರಿಸಿದರು. ಆ ಲೆಕ್ಕವನ್ನು ತಿದ್ದಲು ವರ್ಷಗಳೇ ಹಿಡಿದವು. ಹಿಂದೂ ಮಹಾಸಾಗರದಲ್ಲಿ ಲಂಗರು ಹಾಕಿ ನಿಲ್ಲಿಸುವ ‘ರಾಮಾ’ ತೇಲುಗೂಟಗಳ ಸಾಲು, ಸೊಮಾಲಿಯಾ ಕಡಲ್ಗಳ್ಳರ ಭಯದಿಂದ ಪಶ್ಚಿಮ ಭಾಗದಲ್ಲಿ ವರ್ಷಗಟ್ಟಲೆ ಅರ್ಧಕ್ಕೇ ನಿಂತಿತ್ತು. ಆ ವರ್ಷಗಳ ಅಂಕಿ ಇನ್ನು ಯಾವ ಕಂಪ್ಯೂಟರಿನಿಂದಲೂ ಸಿಗುವುದಿಲ್ಲ. ‘ಅರ್ಕ’ದಂಥ ಯಂತ್ರ ಅಳತೆಯಿಂದ ಅಳತೆಗೆ ಸೇತುವೆ ಕಟ್ಟಬಲ್ಲದು. ಅಳತೆಯೇ ಇಲ್ಲದ ಕಡೆ ಅದು ಕೊಡುವುದು ಊಹೆಯನ್ನು.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಆಳ ಸಾಗರ ಯೋಜನೆಗೆ ಐದು ವರ್ಷಕ್ಕೆ ₹4,077 ಕೋಟಿ. ಸಮುದ್ರ ಹವಾಮಾನ ಸಲಹಾ ಸೇವೆಗೂ ಅದರಲ್ಲಿ ಸ್ಥಾನವಿದೆ, ಒಳ್ಳೆಯ ಮಾತು. ಆದರೆ ಯೋಜನೆಗೆ ಅವಧಿ ಇರುತ್ತದೆ, ಕಡಲಿನ ಲೆಕ್ಕಕ್ಕೆ ಅವಧಿ ಇಲ್ಲ. ಹವಾಮಾನ ಇಲಾಖೆ ಶಿಮ್ಲಾದಿಂದ ಪುಣೆಗೆ ಬಂದದ್ದು 1928ರಲ್ಲಿ. ಅಲ್ಲಿನ ಶಿವಾಜಿನಗರದ ಮಳೆಮಾಪಕದ ದಾಖಲೆ ಉಳಿದು ಬಂದಿರುವುದು ಅದನ್ನು ಯಾರೂ ಐದು ವರ್ಷದ ಯೋಜನೆ ಎಂದು ನೋಡದೆ, ನಿತ್ಯದ ಕೆಲಸ ಎಂದು ಮಾಡಿದ್ದರಿಂದ. ಆರ್ಗೊ ಯಂತ್ರಗಳ ಬದಲಿಗೂ ಅದೇ ರೀತಿ ಪ್ರತಿ ವರ್ಷದ ಬಜೆಟ್ಟಿನಲ್ಲಿ ಒಂದು ಕಾಯಂ ಸಾಲು ಬೇಕು: ಎಷ್ಟು ಯಂತ್ರ ನಿಂತುಹೋದವು, ಎಷ್ಟು ಹೊಸದಾಗಿ ಇಳಿದವು, ಎಷ್ಟು ಚೌಕ ಖಾಲಿ ಇವೆ ಎಂಬ ಮೂರು ಅಂಕಿ ಸಂಸತ್ತಿನ ಮುಂದೆ ವರ್ಷಕ್ಕೊಮ್ಮೆ ಬರಬೇಕು. ವರ್ಷಕ್ಕೆ ₹48 ಕೋಟಿ ದೊಡ್ಡ ಹಣವಲ್ಲ. ಒಂದು ವರ್ಷ ಕೊಡದೆ ಬಿಟ್ಟರೆ, ಆ ವರ್ಷವನ್ನು ಮತ್ತೆ ₹48 ಸಾವಿರ ಕೋಟಿಗೂ ಕೊಳ್ಳಲಾಗುವುದಿಲ್ಲ.